ಕೂಗು ಮರೆತ ಕಂಚಿನ ಹಕ್ಕಿ

ಬಹಳ ಹಿಂದೆ, ಹೊಗೆಗುಡ್ಡದ ಬುಡದಲ್ಲಿ ಕಣಿವೆಪುರ ಎಂಬ ರಾಜ್ಯವಿತ್ತು. ಗುಡ್ಡದ ಗವಿಯಲ್ಲಿ ಧೂಮಕೇಶನೆಂಬ ಮಾಂತ್ರಿಕನಿದ್ದ. ಅವನು ಊರಿನ ಮೇಲೆ ವಿಷಗಾಳಿ ಊದುತ್ತಿದ್ದ. ಆದರೆ ಕೋಟೆಯ ತುದಿಯಲ್ಲೊಂದು ಕಂಚಿನ ಹಕ್ಕಿ ಕೂತಿತ್ತು. ವಿಷ ಸೋಕಿದೊಡನೆ ಅದು ಕೂಗುತ್ತಿತ್ತು, ಕೂಗಿದೊಡನೆ ಮಂತ್ರ ಮುರಿಯುತ್ತಿತ್ತು.

ಕಾಲ ಉರುಳಿತು. ಹಕ್ಕಿ ಕೂಗುವುದನ್ನೇ ಬಿಟ್ಟಿತು. ಆದರೂ ಊರಲ್ಲಿ ಮನೆಮನೆಯಲ್ಲೂ ಕೆಮ್ಮು. ರಾಜಕುಮಾರಿ ಕೆಂಚಾಂಬೆಯನ್ನು ಸಾಕಿದ ದಾದಿ ಹೊನ್ನವ್ವ ಹಾಸಿಗೆ ಹಿಡಿದಳು.

"ಹಕ್ಕಿ ಕೂಗಿಲ್ಲ ಮಗಳೇ, ಗಾಳಿ ಶುದ್ಧವಾಗಿಯೇ ಇದೆ," ಎಂದ ರಾಜ. "ಮುತ್ತಜ್ಜನ ಕಾಲದಿಂದ ನಮ್ಮನ್ನು ಕಾದ ಹಕ್ಕಿ, ಸುಳ್ಳಾಡುತ್ತದೆಯೇ?"

"ಸುಳ್ಳಾಡುವುದಿಲ್ಲ ಅಪ್ಪಾಜಿ. ದಣಿದಿರಬಹುದಲ್ಲ?"

"ಅದನ್ನು ಮುಟ್ಟಿದವರ ಕೈ ಕತ್ತರಿಸುತ್ತೇನೆ!"

"ಹಾಗಾದರೆ ಕತ್ತಿ ಮಸೆಯಿಸಿಡಿ," ಎಂದಳು ಕೆಂಚಾಂಬೆ. ಎಲ್ಲರ ಕಣ್ಣೆದುರೇ ಕೋಟೆ ಹತ್ತಿ ಹಕ್ಕಿಯನ್ನು ಕೆಳಗಿಳಿಸಿದಳು.

ಅವಳ ಮಡಿಲಲ್ಲಿ ಹಕ್ಕಿ ಮೆಲ್ಲಗೆ ಮಾತಾಡಿತು: "ತಾಯೀ, ಆ ಮಾಂತ್ರಿಕ ದಿನವೂ ಇಷ್ಟಿಷ್ಟೇ ವಿಷ ಬೆರೆಸಿದ. ನನಗದು ರೂಢಿಯಾಯಿತು. ಒಳ್ಳೆಯ ಗಾಳಿ ಹೇಗಿರುತ್ತದೆಂಬುದೇ ಮರೆತುಹೋಗಿದೆ. ಬಿಳಿಶಿಖರದಲ್ಲಿ ಒಮ್ಮೆ ಉಸಿರಾಡಿದರೆ ನೆನಪಾದೀತು. ಆದರೆ ನನಗೆ ಅತಿ ಬಿಸಿ ಆಗದು, ಅತಿ ತೇವವೂ ಆಗದು."

ಕೆಂಚಾಂಬೆ ಹೊರಟೇಬಿಟ್ಟಳು. ದಾರಿಯಲ್ಲಿ ಬೆಂಕಿಗೂಳಿ ಅಡ್ಡ ನಿಂತಿತು. ಅದರ ಉಸಿರಿಗೆ ಹಕ್ಕಿಯ ರೆಕ್ಕೆ ಕರಗತೊಡಗಿತು. ಅವಳು ಹಳ್ಳದ ತಂಪು ಮಣ್ಣನ್ನು ಹಕ್ಕಿಯ ಸುತ್ತ ಮೆತ್ತಿ, ಗೂಳಿಯ ಕಾಲಸಂದಿಯಲ್ಲೇ ನುಗ್ಗಿ ಓಡಿದಳು. ಮುಂದೆ ಮಂಜುಸರ್ಪ ಸುತ್ತಿಕೊಂಡಿತು. ಹಕ್ಕಿಯ ಗಂಟಲಲ್ಲಿ ಕಿಲುಬು ಕಟ್ಟಿತು. ಮಣ್ಣು ಕೊಡವಿ ಅದನ್ನು ಎದೆಗವಚಿಕೊಂಡು, ಮೈ ಶಾಖ ಕೊಡುತ್ತ, ಸೆರಗಿನ ತುದಿಯಿಂದ ಗಂಟಲು ಉಜ್ಜುತ್ತ ನಡೆದಳು. ಸರ್ಪ ಬಿಗಿದಷ್ಟೂ ಹೆಜ್ಜೆ ಬಿರುಸಾಯಿತು. ಕೊನೆಗೆ ಸರ್ಪವೇ ಸೋತು ಚದುರಿತು.

ಶಿಖರದಲ್ಲಿ ಹಕ್ಕಿ ಉಸಿರೆಳೆಯಿತು. ಅಷ್ಟರಲ್ಲಿ ಮಲ್ಲಿಗೆಯ ಕಂಪು ಬೀಸಿತು. ಧೂಮಕೇಶನೇ ನಗುತ್ತ ಎದುರು ನಿಂತಿದ್ದ, ಕೈಯಲ್ಲಿ ಚಿನ್ನದ ಹಕ್ಕಿ.

"ಆ ಹಳೇ ಕಂಚು ಬಿಸಾಡು ಕೂಸೇ. ಇದನ್ನು ಒಯ್ಯಿ. ಬಿಸಿಲಾಗಲಿ ಮಳೆಯಾಗಲಿ, ಎಲ್ಲ ಚೆನ್ನಾಗಿದೆ ಎಂದು ಹಾಡುತ್ತಲೇ ಇರುತ್ತದೆ."

ಆ ಕಂಪಿಗೆ ಕೆಂಚಾಂಬೆಯ ತಲೆ ಸುತ್ತುತ್ತಿತ್ತು. ಆದರೂ ಅವನ ಕಣ್ಣಿಗೆ ಕಣ್ಣಿಟ್ಟು ಹೇಳಿದಳು: "ಎಲ್ಲ ಚೆನ್ನಾಗಿದೆ ಎಂದು ಹಾಡಲು ನಮ್ಮರಮನೆಯಲ್ಲಿ ಬೇಕಾದಷ್ಟು ಜನರಿದ್ದಾರೆ. ನಮಗೆ ಕೂಗುವ ಹಕ್ಕಿ ಬೇಕು!"

ಮಲ್ಲಿಗೆಯ ಕಂಪಿನಡಿ ಅಡಗಿದ್ದ ವಿಷವನ್ನು ಹಕ್ಕಿ ಗುರುತಿಸಿತು. ಕೂಗಿತು. ಬೆಟ್ಟವೇ ನಡುಗುವಂತೆ ಕೂಗಿತು. ಧೂಮಕೇಶ ಮಸಿಯಾಗಿ ಉದುರಿದ, ಗಾಳಿ ತಿಳಿಯಾಯಿತು.

ಊರಿನಲ್ಲಿ ಹೊನ್ನವ್ವ ಎದ್ದು ಕೂತು ಗಂಜಿ ಕೇಳಿದಳು. ರಾಜ ಓಡಿಬಂದು, ಹಕ್ಕಿಯೊಂದಿಗೆ ಮರಳಿದ ಮಗಳನ್ನು ಅಪ್ಪಿಕೊಂಡು, "ಹಕ್ಕಿಯನ್ನು ಮತ್ತೆ ಕೋಟೆಯ ತುದಿಯಲ್ಲಿ ಕೂರಿಸೋಣ, ಎಂದೆಂದಿಗೂ," ಎಂದ.

"ಎಂದೆಂದಿಗೂ ಯಾರಿಂದ ಆಗುತ್ತದೆ ಅಪ್ಪಾಜಿ? ಜೊತೆಗೆ ಇನ್ನೊಂದನ್ನು ಎರಕ ಹೊಯ್ಯಿಸಿ. ಒಂದು ಕಾಯಲಿ, ಒಂದು ಶಿಖರಕ್ಕೆ ಹೋಗಿ ಉಸಿರಾಡಿ ಬರಲಿ."

ರಾಜ ಹಿಂದೆಮುಂದೆ ನೋಡಿದ. ಅಪ್ಪಣೆಯಾಗುವವರೆಗೆ ಕೆಂಚಾಂಬೆ ಸಿಂಹಾಸನದ ಮೆಟ್ಟಿಲಿನಿಂದ ಏಳಲೇ ಇಲ್ಲ. ಅವಳು ಎದ್ದ ಮೇಲೆ ಕಣಿವೆಪುರದವರು ಎದೆತುಂಬ ಉಸಿರಾಡುತ್ತ ಸುಖವಾಗಿ ಬಾಳಿದರು.