ಎಡಗಿವಿಗೆ ಹೇಳಿದ ಮಾತು

"ಯಾರ್ರೀ ನನ್ನ ಗಿರಣಿ ನಿಲ್ಲಿಸಿದ್ದು?!"

ಕೈಯಲ್ಲಿದ್ದ ಚಹಾದ ಬಟ್ಟಲನ್ನೂ ಕೆಳಗಿಡದೆ ಮಸ್ತುರಾ ಗಿರಣಿ ಕೋಣೆಗೆ ನುಗ್ಗಿದಳು. ಆಂಗ್ರೆನ್‌ನ ಆ ಪಿಂಗಾಣಿ ಕಾರ್ಖಾನೆಯಲ್ಲಿ ಪುಡಿ ಅರೆಯುವ ಮೂರು ಗಿರಣಿಗಳು. ಒಂಬತ್ತು ವರ್ಷಗಳಿಂದ ಅವಳ ಅಪ್ಪಣೆಯಿಲ್ಲದೆ ಅವುಗಳ ಸ್ವಿಚ್ಚಿಗೆ ಯಾರೂ ಕೈ ಹಚ್ಚಿದವರಿಲ್ಲ.

ಮೊದಲನೇ ಗಿರಣಿಯ ಪಕ್ಕ ಒಬ್ಬ ಅಪರಿಚಿತ ನಿಂತಿದ್ದ. ಅಂಗಿಯ ತೋಳು ಮೇಲಕ್ಕೆ ಮಡಚಿತ್ತು, ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ.

"ನಾನೇ ನಿಲ್ಲಿಸಿದ್ದು. ಎಲ್ಯೋರ್ ಅಂತ. ತಾಷ್ಕೆಂಟ್‌ನಿಂದ ಬಂದಿರೋ ಹೊಸ ಇಂಜಿನಿಯರ್."

"ಇಂಜಿನಿಯರ್ ಆದ್ರೆ ಏನೀಗ? ಇಪ್ಪತ್ನಾಲ್ಕು ಗಂಟೆ ತಿರುಗಬೇಕು ಅದು. ಇನ್ನೂ ಆರು ಗಂಟೆ ಬಾಕಿ ಇದೆ!"

"ಒಳಗೆ ಟಕ್ ಟಕ್ ಅಂತಿತ್ತು. ಅರೆಯೋ ಗುಂಡು ಒಂದು ಒಡೆದಿದೆ."

"ಒಡೆದಿದ್ರೆ ನನಗೆ ಕೇಳಿಸ್ತಿರಲಿಲ್ವಾ?"

ಅವನು ವಾದಕ್ಕಿಳಿಯಲಿಲ್ಲ. ಮುಚ್ಚಳ ತಿರುಗಿಸಿ ತೆಗೆದ, ಮೊಣಕೈವರೆಗೆ ಕೈಗವಸು ಏರಿಸಿ ಗಿರಣಿಯ ಬಿಳಿ ದ್ರವದೊಳಗೆ ಕೈಯಾಡಿಸಿದ. ಹೊರಬಂದ ಅಂಗೈಯಲ್ಲಿ ಒಂದೇ ಗುಂಡಿನ ಎರಡು ಹೋಳುಗಳಿದ್ದವು.

ಮಸ್ತುರಾಳಿಗೆ ಬಟ್ಟಲಿನಲ್ಲಿದ್ದ ಚಹಾ ತುಳುಕಿ ಬೆರಳು ಸುಟ್ಟಿದ್ದೂ ಗೊತ್ತಾಗಲಿಲ್ಲ.

'ನನಗೆ ಕೇಳಿಸಲೇ ಇಲ್ಲ... ದೇವರೇ, ನನಗೆ ಕೇಳಿಸಲೇ ಇಲ್ಲ!'

ಕಾರ್ಖಾನೆಯಲ್ಲಿ ಅವಳಿಗಿದ್ದ ಹೆಸರೆಲ್ಲ ಆ ಕಿವಿಯಿಂದಲೇ ಬಂದದ್ದು. ಅಲ್ಯುಮಿನಾ ಪುಡಿ ಎಷ್ಟು ನುಣ್ಣಗಾಗಿದೆ ಎಂದು ಅಳೆಯಲು ಯಂತ್ರಗಳಿದ್ದರೂ, ಗುಂಡುಗಳು ಉರುಳುವ ಸದ್ದು ಕೇಳಿಯೇ ಅವಳು ಹೇಳಿಬಿಡುತ್ತಿದ್ದಳು. ಹಾಗೆ ಕೇಳಬೇಕೆಂದರೆ ಸದ್ದು ತಡೆಯಲು ಕಿವಿಗೆ ಹಾಕಿದ್ದ ರಕ್ಷೆ ತೆಗೆಯಬೇಕು. ಎಷ್ಟು ಸಲ ತೆಗೆದಳೋ ಲೆಕ್ಕವಿಲ್ಲ. ಎರಡು ವರ್ಷದ ಹಿಂದೆ ಎಡಗಿವಿಯಲ್ಲಿ ಗುಂಯ್‌ಗುಟ್ಟುವ ಸದ್ದು ಶುರುವಾಯಿತು. ತಿಂಗಳೊಳಗೇ ಆ ಗುಂಯ್‌ಗುಟ್ಟುವುದೂ ನಿಂತುಹೋಯಿತು.

ಇದು ಗೊತ್ತಿದ್ದದ್ದು ಅವಳ ತಾಯಿಗೆ ಮಾತ್ರ.

"ಯಾರ ಹತ್ರಾನೂ ಬಾಯಿ ಬಿಡಬೇಡ ಮಗಳೇ," ಎಂದಿದ್ದಳು ಆಕೆ. "ಕಿವುಡಿ ಅಂತ ಸುದ್ದಿ ಹಬ್ಬಿದ್ರೆ ಹೆಣ್ಣು ಕೇಳೋಕೆ ಒಬ್ರೂ ನಮ್ಮ ಮನೆ ಮೆಟ್ಟಿಲು ಹತ್ತಲ್ಲ."

ಮಸ್ತುರಾಳಿಗೆ ಮದುವೆಗಿಂತ ಗಿರಣಿಯ ಚಿಂತೆ. ಗೊತ್ತಾದ ದಿನವೇ ತನ್ನನ್ನು ಇಲ್ಲಿಂದ ಎಬ್ಬಿಸುತ್ತಾರೆ! ಅದಕ್ಕೇ ವರ್ಷಕ್ಕೊಮ್ಮೆ ನಡೆಯುವ ಕಿವಿ ಪರೀಕ್ಷೆಯಲ್ಲಿ ಯಂತ್ರದ ಗುಂಡಿ ಒತ್ತುವ ವೈದ್ಯೆಯ ಬೆರಳನ್ನೇ ಓರೆಗಣ್ಣಿನಲ್ಲಿ ನೋಡುತ್ತಾ, ಅದು ಆಡಿದಾಗಲೆಲ್ಲ ಕೈ ಎತ್ತಿ ಪಾರಾಗಿದ್ದಳು.

ಈಗ ಈ ಮನುಷ್ಯ ಬಂದಿದ್ದ. ಎಲ್ಲವನ್ನೂ ಕೇಳಿಸಿಕೊಳ್ಳುವ ಕಿವಿಯೊಂದಿಗೆ.

ಅವನನ್ನು ದ್ವೇಷಿಸಲು ಅವಳು ಎಷ್ಟೋ ಒದ್ದಾಡಿದಳು. ಆಗಲಿಲ್ಲ ನೋಡಿ!

ಒಡೆದ ಗುಂಡಿನ ವಿಷಯವನ್ನು ಅವನು ಯಾರಿಗೂ ಹೇಳಲಿಲ್ಲ. ಪುಸ್ತಕ ಓದಿ ಕಲಿತವನಾದರೂ ಅವಳ ಮುಂದೆ ಕೂತು ಕಲಿಯಲು ನಾಚಿಕೆಪಡಲಿಲ್ಲ.

"ಪುಡಿಗೆ ಮೊದಲು ಮೀನೆಣ್ಣೆ, ಆಮೇಲೆ ಅಂಟು. ಯಾಕೆ ಮಸ್ತುರಾ? ಎರಡನ್ನೂ ಒಟ್ಟಿಗೆ ಸುರಿದ್ರೆ ಏನಾಗತ್ತೆ?"

"ಅಂಟು ಮೊದಲು ಹೋದ್ರೆ ಪುಡಿ ಕಣಕಣಕ್ಕೂ ಅದೇ ಮೆತ್ತಿಕೊಳ್ಳತ್ತೆ. ಆಮೇಲೆ ಎಣ್ಣೆಗೆ ಜಾಗಾನೇ ಇರಲ್ಲ, ಎಲ್ಲಾ ಗಂಟುಗಂಟು. ಎಣ್ಣೆ ಮೊದಲು ಹೋಗಿ ಒಂದೊಂದು ಕಣಾನೂ ಬಿಡಿಸಿ ನಿಲ್ಲಿಸಬೇಕು. ಪಾಲಿಮರ್ ಅಂಟು ಕೊನೇಲಿ ಬಂದು ಹಿಡ್ಕೊಂಡ್ರೆ ಸಾಕು."

"ನಮ್ಮ ಪ್ರೊಫೆಸರ್ ಇದನ್ನ ಹೇಳೋಕೆ ಒಂದು ತಿಂಗಳು ತಗೊಂಡ್ರು!"

ಅವಳು ನಕ್ಕಳು. ಎಷ್ಟೋ ದಿನಗಳ ಮೇಲೆ ಆ ಕೋಣೆಯಲ್ಲಿ ನಕ್ಕಿದ್ದಳು.

ಅರೆದ ದ್ರವವನ್ನು ತೆಳು ಹಾಳೆಯಾಗಿ ಎರೆಯುವ ವಿಭಾಗದ ಹನೀಫಾ ಓಪಾ ಸುಮ್ಮನಿರುವ ಹೆಂಗಸೇ? ಕಾರ್ಖಾನೆಗೆಲ್ಲ ಓಪಾ ಅವಳು, ಎಲ್ಲರಿಗೂ ಅಕ್ಕ. ಊಟದ ಹೊತ್ತಿಗೆ ರೊಟ್ಟಿ ಮುರಿಯುತ್ತಾ ಕಿಚಾಯಿಸಿದಳು.

"ಏನಮ್ಮಾ, ತಲೆಗೆ ಕಟ್ಟೋ ರುಮಾಲೆಲ್ಲ ಮೀನಿನ ವಾಸನೆ. ಆ ಹುಡುಗ ಬೆಕ್ಕಿನ ಥರ ನಿನ್ನ ಹಿಂದೇನೇ ಸುತ್ತೋದು ಯಾಕೆ ಅಂತ ಈಗ ಗೊತ್ತಾಯ್ತು!"

"ಹೋಗಿ ಓಪಾ... ನಿಮಗೆ ಬೇರೆ ಕೆಲಸ ಇಲ್ಲ." ಮಾತು ಹಾಗಿದ್ದರೂ ಮಸ್ತುರಾಳ ಕೆನ್ನೆ ಕೆಂಪಾಗಿತ್ತು.

ಇಷ್ಟೆಲ್ಲ ಚೆನ್ನಾಗಿದ್ದದ್ದು ಒಂದೇ ದಿನದಲ್ಲಿ ಕೆಟ್ಟಿತು.

ಅಂದು ಮಧ್ಯಾಹ್ನ ಮಸ್ತುರಾ ಮೂರನೇ ಗಿರಣಿ ನಿಲ್ಲಿಸಿ ದ್ರವದ ಹದ ನೋಡುತ್ತಿದ್ದಳು. ಉಳಿದೆರಡು ಗಿರಣಿಗಳು ಪಕ್ಕದಲ್ಲೇ ಅಬ್ಬರಿಸುತ್ತಿದ್ದವು. ಎಲ್ಯೋರ್ ಯಾವಾಗ ಬಂದು ಎಡಕ್ಕೆ ನಿಂತನೋ ಅವಳಿಗೆ ಗೊತ್ತಿಲ್ಲ. ಗಾಜಿನ ಕಡ್ಡಿ ಅದ್ದಿ ಎತ್ತಿದಳು. ಗಂಟು ಇನ್ನೂ ಇತ್ತು. ಸ್ವಿಚ್ಚಿನ ಬಳಿ ಇದ್ದ ಕೆಲಸಗಾರನ ಕಡೆ ನೋಡಿ ತಲೆಯಾಡಿಸಿದಳು. ಆ ಸದ್ದಿನಲ್ಲಿ ದೂರದವರಿಗೆ ಮಾತು ಕೇಳದು, ಅಲ್ಲಿ ಎಲ್ಲವೂ ಸನ್ನೆ. ಅಡ್ಡಡ್ಡ ತಲೆಯಾಡಿಸಿದರೆ, 'ಇನ್ನೂ ಆಗಿಲ್ಲ, ತಿರುಗಿಸು' ಎಂದರ್ಥ. ಅಷ್ಟು ಹೇಳಿ ಜರಡಿ ತೊಳೆಯಲು ಹೊರಟುಹೋದಳು.

ಮರುದಿನ ಬೆಳಿಗ್ಗೆ ಅವನು ಎದುರು ಸಿಕ್ಕ. ಕಣ್ಣು ನೆಲದ ಮೇಲಿತ್ತು.

"ವರದಿಗೆ ನಿಮ್ಮ ಸಹಿ ಬೇಕಿತ್ತು, ಮಸ್ತುರಾ ಓಪಾ."

ಓಪಾ!

ಅಕ್ಕ ಎಂದನೇ? ನಾಲ್ಕು ತಿಂಗಳು ಬರೀ ಹೆಸರು ಹಿಡಿದು ಕರೆದ ಬಾಯಿ ಅಕ್ಕ ಎಂದಿತೇ?

'ಅವನಿಗಿಂತ ಒಂದು ವರ್ಷ ದೊಡ್ಡವಳು ಅಂತ ಯಾರೋ ಹೇಳಿರಬೇಕು. ಇಪ್ಪತ್ತೊಂಬತ್ತು ದಾಟಿದವಳು ಅಕ್ಕನೇ ತಾನೇ...'

ಅವಳು ಓದದೆಯೇ ಸಹಿ ಹಾಕಿದಳು. ಅವನು ಕಾಗದ ತೆಗೆದುಕೊಂಡು ತಿರುಗಿ ನೋಡದೆ ಹೋದ. ಹದಿನೈದು ದಿನ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಆಮೇಲೆ, ಎಲ್ಯೋರ್ ತಾಷ್ಕೆಂಟ್‌ಗೆ ವರ್ಗ ಕೇಳಿ ಬರೆದಿದ್ದಾನೆಂದು ಸುದ್ದಿ ಬಂತು. ಶುಕ್ರವಾರವೇ ಅವನ ಕೊನೆಯ ದಿನವಂತೆ.

ಆ ಶುಕ್ರವಾರ ಊಟಕ್ಕೆ ಕೂತಾಗ ಹನೀಫಾ ಓಪಾ ತುತ್ತು ಎತ್ತಲಿಲ್ಲ.

"ನಿನ್ನದು ಕಲ್ಲೆದೆ ಕಣೇ ಮಸ್ತುರಾ. ಬೇಡ ಅನ್ನೋದಾದ್ರೆ ಅನ್ನು, ಯಾರು ಬೇಡ ಅಂದ್ರು? ಎರಡು ಮಾತಲ್ಲಿ ಹೇಳಬಾರದಿತ್ತಾ?"

"ಏನು ಹೇಳಬೇಕಿತ್ತು ಓಪಾ?"

"ನಾಟಕ ಆಡಬೇಡ! 'ನನ್ನ ತಾಯೀನ ನಿಮ್ಮ ಮನೆಗೆ ಹೆಣ್ಣು ಕೇಳೋಕೆ ಕಳಿಸಲಾ' ಅಂತ ಗಿರಣಿ ಹತ್ರ ಬಂದು ನಿನ್ನ ಕಿವಿ ಹತ್ರಾನೇ ಕೇಳಿದನಂತೆ. ನೀನು ಮುಖಾನೂ ನೋಡದೆ ತಲೆಯಾಡಿಸಿ ಹೋದೆಯಂತೆ. ಪಾಪ, ನನ್ನ ಮುಂದೆ ಕೂತು ಕಣ್ಣಲ್ಲಿ ನೀರು ಹಾಕ್ಕೊಂಡ ಕಣೇ. 'ಇನ್ಮೇಲೆ ಅವರನ್ನ ಅಕ್ಕ ಅಂತಾನೇ ತಿಳ್ಕೋತೀನಿ' ಅಂದ."

ಮಸ್ತುರಾ ಆ ಮಧ್ಯಾಹ್ನವನ್ನು ನೆನೆದಳು.

ಗಾಜಿನ ಕಡ್ಡಿ... ಗಂಟು... ಎಡಗಡೆ!

ಬಾಳಿನಲ್ಲಿ ಯಾವ ಮಾತಿಗಾಗಿ ಕಾದಿದ್ದಳೋ, ಅದು ಸತ್ತ ಕಿವಿಗೆ ಬಿದ್ದು ಹೋಗಿತ್ತು.

ಈಗ ಅವನಿಗೆ ಏನೆಂದು ಹೇಳುವುದು? ಕೇಳಿಸಲಿಲ್ಲ ಎಂದರೆ ಯಾಕೆ ಕೇಳಿಸಲಿಲ್ಲ ಎಂದೂ ಹೇಳಬೇಕು. ಹೇಳಿದರೆ ಗಿರಣಿ ಹೋಗುತ್ತದೆ. ಕಿವಿ ಕೆಟ್ಟವರನ್ನು ಆ ಕೋಣೆಯಿಂದ ಹೊರಗೆ ಕಳಿಸಬೇಕೆಂದು ಬರೆದುಕೊಡಬೇಕಾದವನು ಇಂಜಿನಿಯರ್ ಎಲ್ಯೋರನೇ! ಹೇಳದಿದ್ದರೆ ಸಂಜೆ ಐದರ ಬಸ್ಸಿಗೆ ಅವನು ಹೋಗುತ್ತಾನೆ.

ಅವಳು ಊಟದ ಮೇಜಿನಿಂದ ಎದ್ದೇಬಿಟ್ಟಳು.

ಎಲ್ಯೋರ್ ಹಾಳೆ ಒಣಗಿಸುವ ಕೋಣೆಯಲ್ಲಿದ್ದ. ಗಾಜಿನ ಮೇಜುಗಳ ಮೇಲೆ ತೆಳುವಾಗಿ ಎರೆದ ಬಿಳಿ ಹಾಳೆಗಳು ಒಣಗುತ್ತಿದ್ದವು. ಅಲ್ಲಿ ಯಾವ ಯಂತ್ರದ ಸದ್ದೂ ಇರಲಿಲ್ಲ.

"ಅವತ್ತು ಗಿರಣಿ ಹತ್ರ ನೀವು ಏನೋ ಕೇಳಿದ್ರಂತೆ."

ಅವನ ಮುಖ ಬಿಗಿಯಾಯಿತು. "ಅದನ್ನ ಬಿಟ್ಟುಬಿಡಿ ಓಪಾ. ತಪ್ಪಾಯ್ತು."

"ಓಪಾ ಅನ್ನಬೇಡಿ!" ಅವಳ ದನಿ ಒಡೆಯಿತು. "ನನಗೆ ಕೇಳಿಸಲಿಲ್ಲ ಎಲ್ಯೋರ್. ನಾನು ತಲೆಯಾಡಿಸಿದ್ದು ಗಿರಣಿ ದ್ರವದಲ್ಲಿ ಗಂಟಿತ್ತು ಅಂತ. ನೀವು ಎಡಗಡೆ ನಿಂತಿದ್ರಿ. ನನ್ನ ಎಡಗಿವಿ... ಎರಡು ವರ್ಷ ಆಯ್ತು, ಏನೂ ಕೇಳಿಸಲ್ಲ."

ಅವನು ಅವಳತ್ತ ತಿರುಗಿದ. 

"ಅವತ್ತು ಗುಂಡು ಒಡೆದಿದ್ದು..."

"ಹೂಂ. ಅವತ್ತೂ ಕೇಳಿಸಿರಲಿಲ್ಲ."

"ಯಾಕೆ ಮುಚ್ಚಿಟ್ರಿ?"

"ಗಿರಣಿ ಬಿಟ್ರೆ ನನಗೆ ಇನ್ನೇನಿದೆ ಅಂದುಕೊಂಡಿದ್ದೆ," ಎಂದಳು. ಕಣ್ಣೀರು ಕೆನ್ನೆಗಿಳಿಯಿತು, ಅವಳು ಒರೆಸಿಕೊಳ್ಳಲಿಲ್ಲ. "ಈಗ ನಿಮಗೆ ಗೊತ್ತಾಯ್ತಲ್ಲ, ಬರೀರಿ. ನಾನು ಸಹಿ ಹಾಕ್ತೀನಿ."

ಎಲ್ಯೋರ್ ಮೇಜಿನ ಮೇಲಿನ ಕಾಗದ ಎಳೆದುಕೊಂಡ. ಪ್ರೀತಿಸುವವಳ ಎದುರೇ ಕೂತು ಅವಳ ಒಂಬತ್ತು ವರ್ಷವನ್ನು ನಾಲ್ಕು ಸಾಲಿನಲ್ಲಿ ಮುಗಿಸಿ ಬರೆಯುವುದು ಸುಲಭವೇ? ಪೆನ್ನು ಎರಡು ಸಲ ನಿಂತಿತು. ಆದರೂ ಬರೆದ.

"ನನ್ನ ಮೇಲೆ ಸಿಟ್ಟು ಬರ್ಲಿ, ಪರವಾಗಿಲ್ಲ. ಆ ಬಲಗಿವಿ ಉಳೀಬೇಕು ಮಸ್ತುರಾ. ಅದನ್ನೂ ಆ ಸದ್ದಿಗೆ ಕೊಡೋಕೆ ನಾನು ಬಿಡಲ್ಲ."

ಹೆಸರು ಮತ್ತೆ ಬರೀ ಹೆಸರಾಗಿತ್ತು. ಅವಳು ಕಾಗದ ಓದಿದಳು, ಒಂದಕ್ಷರವೂ ಸುಳ್ಳಿರಲಿಲ್ಲ. ಸಹಿ ಹಾಕಿದಳು. ಗಿರಣಿ ಕೈತಪ್ಪಿತು, ಆದರೆ ಎರಡು ವರ್ಷಗಳ ಮೇಲೆ ಮೊದಲ ಸಲ ಅವಳಿಗೆ ಹೆದರಿಕೆಯಾಗಲಿಲ್ಲ.

"ನಿಮ್ಮ ತಾಯಿಗೆ ಇದೆಲ್ಲ ಗೊತ್ತಾದ್ರೆ?" ಎಂದು ಕೇಳಿದಳು.

"ನಾನೇ ಹೇಳ್ತೀನಿ. ನಮ್ಮಮ್ಮ ಮಾತಾಡೋದೇ ಬೀದಿಗೆಲ್ಲ ಕೇಳೋ ಹಾಗೆ, ನಿಮಗೇನೂ ತೊಂದ್ರೆ ಆಗಲ್ಲ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಐದರ ಬಸ್ಸು?"

"ಹೋಗ್ತೀನಿ. ಭಾನುವಾರ ಅಮ್ಮನ ಜೊತೆ ವಾಪಸ್ ಬರ್ತೀನಿ. ಆದ್ರೆ ಅದಕ್ಕೆ ಮೊದಲು ನನಗೆ ಉತ್ತರ ಬೇಕು."

ಅವನು ಮೇಜು ಸುತ್ತಿ ಬಂದು ಅವಳ ಬಲಕ್ಕೆ ನಿಂತ. ಕಿವಿಯ ಹತ್ತಿರ ಬಾಗಿ ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ ಕೇಳಿದ.

ಮಸ್ತುರಾ ಕಣ್ಣು ಮುಚ್ಚಿಕೊಂಡು ಸುಮ್ಮನೆ ನಿಂತಿದ್ದಳು.

"ಮಸ್ತುರಾ? ...ಕೇಳಿಸ್ಲಿಲ್ವಾ?"

"ಇಲ್ಲ. ಇನ್ನೊಂದ್ಸಲ ಹೇಳಿ."

ಅವನು ಗಾಬರಿಯಿಂದ ಇನ್ನಷ್ಟು ಹತ್ತಿರ ಬಾಗಿದ, ಇನ್ನೂ ಸ್ಪಷ್ಟವಾಗಿ ಕೇಳಿದ.

"ಈಗ ಕೇಳಿಸ್ತಾ?"

"ಮೊದಲನೇ ಸಲಾನೇ ಕೇಳಿಸ್ತು," ಎಂದಳು ಮಸ್ತುರಾ. "ಅಮ್ಮನ್ನ ಕರ್ಕೊಂಡು ಬನ್ನಿ."