ಶನಿವಾರಕ್ಕೆ ಸರಿದ ಸಿನಿಮಾ

"ಆ ಹೆಣ್ಮಗಳು ಹಂಗ ಅಂದಿಲ್ರೀ."

ದೀಪ ಆರಿಸಿದ್ದ ಹಾಲ್‌ನ ಹಿಂದಿನ ಸಾಲಿನಿಂದ ಆ ಮಾತು ಬಂದದ್ದೇ ತಡ, ಜೋಯ್ಸ್ ಮೈಕ್ ಹಿಡಿದ ಕೈಯನ್ನು ಕೆಳಗಿಳಿಸಿದಳು. ಮೂವತ್ತು ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು. ಪರದೆಯ ಮೇಲಿನ ಮರಾಠಿ ನಾಯಕಿ ಮಾತ್ರ ಇದ್ಯಾವುದರ ಗೊಡವೆಯಿಲ್ಲದೆ ಗಂಡನನ್ನು ಬೈಯುತ್ತಲೇ ಇದ್ದಳು.

"ಹಾಗಾದರೆ ಎಂತ ಹೇಳಿದ್ದು ಅವಳು?" ಜೋಯ್ಸ್ ಕತ್ತಲೆಯನ್ನೇ ಕೇಳಿದಳು.

"ನೀವು 'ಕ್ಷಮಿಸು' ಅಂದ್ರಿ. ಆಕಿ 'ಹೊಟ್ಟಿಗೆ ಏನರ ತಿಂದಿಯೋ ಇಲ್ಲೋ' ಅಂತ ಕೇಳ್ಯಾಳ."

ಹಾಲ್ ಗೊಳ್ಳೆಂದು ನಕ್ಕಿತು. ಜೋಯ್ಸ್‌ಳ ಕಿವಿ ಬಿಸಿಯಾಯಿತು. ಎರಡು ವರ್ಷದಿಂದ ಈ ಮೈಕ್ ಅವಳದು, ಅದಕ್ಕೆ ಯಾರೂ ಅಡ್ಡ ಬಾಯಿ ಹಾಕಿದವರಿಲ್ಲ.

ಕುವೈತಿನ ಹವಲ್ಲಿಯಲ್ಲಿ ಲೆಸ್ಟರ್ ಅಂಕಲ್ ಮತ್ತು ಲೂರ್ಡ್ಸ್ ಆಂಟಿಯ ಫ್ಲ್ಯಾಟಿನಲ್ಲಿ ತಿಂಗಳಿಗೊಂದು ಶುಕ್ರವಾರ ಸಂಜೆ ಕರಾವಳಿಯ ಕುಟುಂಬಗಳು ಸೇರಿ ಸಿನಿಮಾ ನೋಡುತ್ತವೆ. ಒಂದೊಂದು ಸಲ ಒಂದೊಂದು ಭಾಷೆ. ಊರಿನಿಂದ ವಿಸಿಟ್ ವೀಸಾದಲ್ಲಿ ಬಂದ ಹಿರಿಯರಿಗೆ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳು ಹತ್ತುವುದಿಲ್ಲ. ಹಾಗಾಗಿ ಪರದೆಯ ಪಕ್ಕ ಕುಳಿತ ಒಬ್ಬರು ಆ ಸಾಲುಗಳನ್ನು ನೋಡಿಕೊಂಡು ಪಾತ್ರಗಳ ಮಾತನ್ನೆಲ್ಲ ಕನ್ನಡದಲ್ಲಿ ಹೇಳುತ್ತ ಹೋಗಬೇಕು. ಜಾಬ್ರಿಯಾದ ಕ್ಲಿನಿಕ್ಕಿನಲ್ಲಿ ದಿನಕ್ಕೆ ಅರವತ್ತು ಜನರ ರಕ್ತ ತೆಗೆಯುವ ಜೋಯ್ಸ್‌ಗೆ ಅಂಜಿಕೆ ಎಂಬುದು ಗೊತ್ತಿಲ್ಲವಾದ್ದರಿಂದ ಆ ಕೆಲಸ ಅವಳ ಪಾಲಿಗೆ ಬಂದಿತ್ತು.

"ಅಷ್ಟು ಗೊತ್ತುಂಟಲ್ವಾ? ಬನ್ನಿ, ನೀವೇ ಹೇಳಿ," ಎಂದು ಅವಳು ಮೈಕ್ ಚಾಚಿದಳು. ಹೆದರಿ ಕುಳಿತುಬಿಡುತ್ತಾನೆ ಎಂದುಕೊಂಡಿದ್ದಳು.

ಅವನು ಬಂದ. ಎತ್ತರದ, ತೆಳ್ಳಗಿನ ಗಂಡಸು, ಪ್ಯಾಂಟಿನ ಅಂಚಿನಲ್ಲಿ ಮರಳಿನ ಧೂಳು. ಅವಳ ಪಕ್ಕದ ಸ್ಟೂಲ್ ಮೇಲೆ ಕುಳಿತು ಗಂಡನ ಪಾಲಿನ ಮಾತುಗಳನ್ನು ಹುಬ್ಬಳ್ಳಿ ಕನ್ನಡದಲ್ಲಿ ಹೇಳತೊಡಗಿದ. ಜನರಿಗೆ ಎಷ್ಟು ಹಿಡಿಸಿತೆಂದರೆ, ಮುಂದಿನ ತಿಂಗಳು ಲೆಸ್ಟರ್ ಅಂಕಲ್ ಎರಡನೆಯ ಮೈಕ್ ತಂದಿಟ್ಟರು.

ಅವನ ಹೆಸರು ರೂಬೆನ್. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವನು, ಮನೆಮಾತು ಮರಾಠಿ, ಈಗ ದೂರದ ಮೀನಾ ಅಬ್ದುಲ್ಲಾ ಎಂಬ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಕಂಪನಿಯೊಂದರ ಸೇಫ್ಟಿ ಇನ್‌ಸ್ಪೆಕ್ಟರ್. ಶುಕ್ರವಾರದ ಸಿನಿಮಾಕ್ಕೆ ಅವನು ಯಾವಾಗಲೂ ಒಂದು ತಾಸು ತಡ. ದಾರಿ ದೂರ, ಪಾಪ, ಎಂದುಕೊಂಡರು ಎಲ್ಲರೂ. ರೂಬೆನ್ ಎಂಬ ಹೆಸರಿನವನು ನಮ್ಮವನೇ, ಕ್ರೈಸ್ತನೇ ಎಂದು ಲೂರ್ಡ್ಸ್ ಆಂಟಿ ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದರು. ಚರ್ಚ್‌ನಲ್ಲಿ ಕಾಣುವುದಿಲ್ಲವಲ್ಲ ಎಂದು ಯಾರೋ ಕೇಳಿದ್ದಕ್ಕೆ, ಶಿಫ್ಟ್ ಡ್ಯೂಟಿಯವರ ಕಷ್ಟ ನಿಮಗೇನು ಗೊತ್ತು ಎಂದು ಅವನ ಪರವಾಗಿ ಜಗಳವನ್ನೂ ಆಡಿದ್ದರು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಹೀಗೇ ವರ್ಷ ಕಳೆಯಿತು. ಜನವರಿಯ ಸಿನಿಮಾವನ್ನು ಸೂಚಿಸಿದವನು ರೂಬೆನ್. ಕೊಂಕಣ ತೀರದ ಯಹೂದಿ ಗಾಣಿಗನೊಬ್ಬನ ಕಥೆ, ಮರಾಠಿಯದು. ಮಕ್ಕಳಿಲ್ಲದ ಗಂಡ ಹೆಂಡತಿ, ಒಂದು ಎತ್ತು, ಒಂದು ಗಾಣ. ಶುಕ್ರವಾರ ಹೊತ್ತು ಮುಳುಗುವಾಗ ಹೆಂಡತಿ ದೀಪ ಹಚ್ಚಿದಳೆಂದರೆ ಶನಿವಾರ ಸಂಜೆಯವರೆಗೆ ಗಾಣ ತಿರುಗುವಂತಿಲ್ಲ. ಊರಿನ ಸಾಹುಕಾರ ಶನಿವಾರವೂ ಎಣ್ಣೆ ತೆಗೆ ಎಂದು ಹಟ ಹಿಡಿಯುತ್ತಾನೆ. ಕಥೆ ಇಷ್ಟೇ. ಕಂಪ್ಯೂಟರಿನಲ್ಲಿ ಮೊದಲ ಸಲ ನೋಡಿದಾಗಲೇ ಜೋಯ್ಸ್ ಕಣ್ಣೊರೆಸಿಕೊಂಡಿದ್ದಳು.

ಪ್ರತಿ ಮಂಗಳವಾರ ಸಂಜೆ ಅವನು ಜಾಬ್ರಿಯಾಕ್ಕೆ ಬರುತ್ತಿದ್ದ. ಕ್ಲಿನಿಕ್ಕಿನ ಎದುರಿನ ಚಹಾದಂಗಡಿಯಲ್ಲಿ ಕುಳಿತು ಇಬ್ಬರೂ ಮಾತುಗಳನ್ನು ಕನ್ನಡಕ್ಕೆ ತರುತ್ತಿದ್ದರು. ಹೆಂಡತಿಯ ಪಾಲು ಇವಳಿಗೆ, ಗಂಡನ ಪಾಲು ಅವನಿಗೆ.

ಒಂದು ಮಂಗಳವಾರ ಅವನು ಹಾಳೆ ನೋಡಿ ಓದಿದ: "ನೀ ಬಾಗಿಲ ತೆಗದ ಮ್ಯಾಲೇ ನೋಡು ಇದು ಮನಿ ಅನಸೋದು." ಕೊನೆಯ ಮಾತಿಗೆ ಬರುವಾಗ ಅವನ ಕಣ್ಣು ಹಾಳೆಯ ಮೇಲಿರಲಿಲ್ಲ.

'ಇದು ಗಾಣಿಗ ಹೇಳಿದ್ದೋ... ಇವನು ಹೇಳಿದ್ದೋ...' ಜೋಯ್ಸ್‌ಗೆ ಮುಂದಿನ ಸಾಲೇ ಮರೆತುಹೋಯಿತು. ಅವನಿಗೂ ಮರೆತಿತ್ತು. ಎದುರಿಗಿದ್ದ ಚಹಾ ಆರಿಹೋಯಿತು. ಇವನೇ ನನ್ನ ಗಂಡ ಎಂದು ಅವಳು ಅಲ್ಲೇ ನಿಶ್ಚಯಿಸಿಕೊಂಡಳು. ಅವನ ಬಾಯಿಂದ ಬರಲಿ ಎಂದು ಕಾಯುವುದೊಂದೇ ಉಳಿದದ್ದು.

ಆದರೆ ಮುಂದಿನ ಗುರುವಾರದ ಕಮಿಟಿ ಮೀಟಿಂಗ್ ಎಲ್ಲವನ್ನೂ ಕೆಡಿಸಿತು.

ಲೆಸ್ಟರ್ ಅಂಕಲ್‌ಗೆ ಯಾರೋ ಹೆದರಿಸಿದ್ದರು. ಇದು ಕುವೈತ್, ಇಲ್ಲಿ ಯಹೂದಿಗಳ ಸಿನಿಮಾ ತೋರಿಸಿ ನಾಳೆ ಕೆಲಸದ ವೀಸಾ ಕೊಟ್ಟ ಕಫೀಲ್ ಕರೆದು ಕೇಳಿದರೆ ಏನು ಹೇಳುವುದು, ಇಲ್ಲಿರುವ ಪರವಾನಗಿ, ಇಕಾಮಾ ರದ್ದಾದರೆ ಮಕ್ಕಳ ಗತಿಯೇನು ಎಂದು ಅವರು ಗೋಳಿಟ್ಟರು. ಖಲಾಸ್, ಈ ಸಿನಿಮಾ ಬೇಡ ಎಂದರು. ಜೋಯ್ಸ್ ಬಿಡುವವಳೇ? ಇದು ನಮ್ಮ ಭಾರತದ ಸಿನಿಮಾ, ಇದರಲ್ಲಿ ದೇಶವೂ ಇಲ್ಲ, ರಾಜಕೀಯವೂ ಇಲ್ಲ, ಎಣ್ಣೆ ಮಾರುವವನ ಸಂಸಾರ ನೋಡಿದರೆ ಯಾರಿಗೇನು ನಷ್ಟ ಎಂದು ವಾದಿಸಿದಳು. ಅಂಕಲ್ ಜಗ್ಗದಿದ್ದಾಗ ಕೊನೆಯ ಬಾಣ ಬಿಟ್ಟಳು.

"ಯಹೂದಿಗಳು ನಮ್ಮಲ್ಲಿ ಯಾರಿದ್ದಾರೆ ಅಂಕಲ್? ಅಂಥವರೊಬ್ಬರು ಇಲ್ಲಿ ಕೂತಿದ್ದರೆ ಹೆದರುವುದು ಸರಿ. ಯಾರೂ ಇಲ್ಲವಲ್ಲ?"

ಅಂಕಲ್ ಕರಗಿದರು. ಸಿನಿಮಾ ಗೆದ್ದಿತು. ಜೋಯ್ಸ್ ಗೆಲುವಿನ ನಗೆಯಿಂದ ರೂಬೆನ್ ಕಡೆ ನೋಡಿದರೆ, ಅವನು ನೆಲ ನೋಡುತ್ತಿದ್ದ.

ಆ ಹೊತ್ತಿಗೇ ಲೂರ್ಡ್ಸ್ ಆಂಟಿ ಚಹಾ ತಂದರು. ಹಾಗೇ ಇಬ್ಬರನ್ನೂ ನೋಡಿ ಕಣ್ಣು ಮಿಟುಕಿಸಿ, ಊರಿಗೆ ಹೇಳಿ ಚರ್ಚ್ ಮದುವೆಗೆ ಕೇಳುವ ಬ್ಯಾಪ್ಟಿಸಂ ಸರ್ಟಿಫಿಕೇಟ್ ತರಿಸಿಟ್ಟುಕೋ ಮಗಾ, ಬೇಕಾದಾಗ ಸಿಗುವುದಿಲ್ಲ ಎಂದು ರೂಬೆನ್‌ಗೆ ಬುದ್ಧಿ ಹೇಳಿದರು. ಅವನು ಚಹಾವನ್ನೂ ಮುಟ್ಟದೆ ಎದ್ದು ಹೊರಟ.

ಮರುದಿನ ಮೆಸೇಜ್ ಬಂತು. ಡ್ಯೂಟಿ ಬದಲಾಗಿದೆ, ಸಿನಿಮಾಕ್ಕೆ ಬರಲಾಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ. ಕೆಳಗೆ ಅವನು ಬರೆದಿಟ್ಟ ಮಾತುಗಳ ಹಾಳೆಗಳೆಲ್ಲ ಫೋಟೋಗಳಾಗಿ ಬಂದಿದ್ದವು. ಮತ್ತೇನೂ ಇಲ್ಲ.

'ಮದುವೆ ಎಂದ ಕೂಡಲೇ ಓಡಿದನಲ್ಲ...' ಜೋಯ್ಸ್‌ಗೆ ಮೈಯೆಲ್ಲ ಉರಿಯಿತು. ಆಂಟಿಯ ಬಾಯಿಗೆ ಬೀಗವಿಲ್ಲ, ನಿಜ. ಆದರೆ ಗಂಡಸಾದವನು ಒಂದು ಸರ್ಟಿಫಿಕೇಟಿಗೆ ಹೆದರುವುದೇ? ಹತ್ತು ದಿನ ಅವಳು ಫೋನ್ ಮಾಡಲಿಲ್ಲ. ಅವನೂ ಮಾಡಲಿಲ್ಲ. ಮಂಗಳವಾರ ಸಂಜೆ ಚಹಾದಂಗಡಿಯ ಕಡೆ ನೋಡುವುದಿಲ್ಲ ಎಂದುಕೊಂಡು ನಾಲ್ಕು ಸಲ ನೋಡಿದಳು. ರಾತ್ರಿಯೂಟ ಸೇರಲಿಲ್ಲ. ಹಟಮಾರಿ ಹುಡುಗಿ, ಅಳಲೂ ಇಲ್ಲ.

ಸಿನಿಮಾಕ್ಕೆ ಎಂಟು ದಿನ ಉಳಿದಾಗ, ಗಂಡನ ಪಾಲು ಹೇಳಲು ಒಪ್ಪಿದ ಕ್ಯಾಲ್ವಿನ್ ಎಂಬ ಹುಡುಗನಿಗಾಗಿ ಅವಳು ಆ ಹಾಳೆಗಳನ್ನು ತೆರೆದಳು. ದೀಪದ ದೃಶ್ಯಕ್ಕೆ ಬಂದಾಗ ಅವಳ ಕೈ ನಿಂತಿತು.

ಸಿನಿಮಾದಲ್ಲಿ ಅಲ್ಲಿ ಹೆಂಡತಿ ಏನನ್ನೋ ಗುನುಗುತ್ತಾಳೆ. ಅದು ಮರಾಠಿಯಲ್ಲ. ಕೆಳಗಿನ ಇಂಗ್ಲಿಷ್ ಸಾಲಿನಲ್ಲಿ 'ಪ್ರಾರ್ಥನೆ' ಎಂದಷ್ಟೇ ಬರುತ್ತದೆ. ಆದರೆ ರೂಬೆನ್ ಆ ಪ್ರಾರ್ಥನೆಯ ಅರ್ಥವನ್ನು ಪೂರ್ತಿ ಕನ್ನಡದಲ್ಲಿ ಬರೆದಿದ್ದ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ: 'ಇಲ್ಲಿ ನಿಧಾನ. ಆಯಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಾಗ ಯಾರೂ ಮಾತಾಡಬಾರದು.'

ಆಯಿ ಎಂದರೆ ಮರಾಠಿಯಲ್ಲಿ ತಾಯಿ. ಸಿನಿಮಾದ ಹೆಂಗಸಿಗೆ ಮಕ್ಕಳೇ ಇಲ್ಲವಲ್ಲ... ಹಾಗಾದರೆ ಇದು ಯಾರ ಆಯಿ?

ಜೋಯ್ಸ್ ಫೋನ್ ಕೆಳಗಿಟ್ಟಳು. ಶುಕ್ರವಾರವಾದರೆ ಒಂದು ತಾಸು ತಡ. ಹೊತ್ತು ಮುಳುಗುವ ಹೊತ್ತು... ದೂರದ ದಾರಿಯಲ್ಲ, ಅವನು ಕೋಣೆಯಲ್ಲಿ ಒಬ್ಬನೇ ದೀಪ ಹಚ್ಚಿ ಬರುತ್ತಿದ್ದ! ಮೊದಲು ಸಿನಿಮಾ ತೋರಿಸಿ, ತನ್ನ ಮನೆಯನ್ನು ತೋರಿಸಿ, ಆಮೇಲೆ ತನ್ನ ವಿಷಯ ಹೇಳಬೇಕೆಂದಿದ್ದ. ಅಷ್ಟರಲ್ಲಿ ಇವಳೇ ಅವನೆದುರು ಕುಳಿತು, ಅಂಥವರಿದ್ದರೆ ಹೆದರುವುದು ಸರಿ ಎಂದುಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಗ ಮಾತ್ರ ಅವಳು ಅತ್ತಳು, ಒಳ್ಳೆಯ ಎರಡು ಟವೆಲ್ ಒದ್ದೆಯಾಗುವಷ್ಟು.

ಅತ್ತು ಮುಗಿಸಿ ಮುಖ ತೊಳೆದು ಫೋನ್ ಎತ್ತಿಕೊಂಡಳು. ಅವನಿಗಲ್ಲ, ಗುಂಪಿಗೆ ಬರೆದಳು. ಜನವರಿಯ ಸಿನಿಮಾ ಶುಕ್ರವಾರ ಇಲ್ಲ, ಶನಿವಾರ ಸಂಜೆ ಏಳಕ್ಕೆ.

ಗುಂಪು ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ; ಭಾನುವಾರ ಆಫೀಸು, ಮಕ್ಕಳಿಗೆ ಶಾಲೆ, ಶನಿವಾರ ಯಾರಾದರೂ ಸಿನಿಮಾ ಇಡುತ್ತಾರೆಯೇ? ಲೆಸ್ಟರ್ ಅಂಕಲ್ ಫೋನ್ ಮಾಡಿ ಕಾರಣ ಕೇಳಿದರು. ಕಾರಣ ಉಂಟು, ಆದರೆ ಅದನ್ನು ಹೇಳುವ ಹಕ್ಕು ನನ್ನದಲ್ಲ, ಈ ಒಂದು ಸಲ ನನ್ನ ಮಾತು ನಡೆಸಿ ಎಂದಳು ಜೋಯ್ಸ್. ಗುಂಪಿನಲ್ಲಿ ಎಲ್ಲರೂ ಬರೆದರು, ರೂಬೆನ್ ಒಬ್ಬನನ್ನು ಬಿಟ್ಟು.

ಗುರುವಾರ ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಅವಳು ನಲವತ್ತೊಂದನೆಯ ಟೋಕನ್ ಕರೆದಳು. ಬಂದು ಕುರ್ಚಿಯಲ್ಲಿ ಕುಳಿತು ಅಂಗಿಯ ತೋಳು ಮಡಿಸಿದವನು ರೂಬೆನ್. ಕಂಪನಿಯ ವರ್ಷದ ತಪಾಸಣೆಯ ಚೀಟಿ ಅವನ ಕೈಯಲ್ಲಿತ್ತು. ಮೀನಾ ಅಬ್ದುಲ್ಲಾದ ಸುತ್ತ ಅಷ್ಟು ಲ್ಯಾಬ್‌ಗಳಿರುವಾಗ ಜಾಬ್ರಿಯಾದವರೆಗೆ ಬಂದದ್ದೇಕೆ ಎಂದು ಅವಳು ಕೇಳಲಿಲ್ಲ.

ತೋಳಿಗೆ ಪಟ್ಟಿ ಬಿಗಿದು, ಮುಷ್ಟಿ ಹಿಡಿಯಲು ಹೇಳಿದಳು.

"ಶನಿವಾರಕ್ಕ ಯಾಕ್ ಮಾಡಿದ್ರಿ?" ಅವನು ಮೆಲ್ಲಗೆ ಕೇಳಿದ.

"ದೀಪ ಹಚ್ಚಿ ಓಡೋಡಿ ಬರುವುದು ಬೇಡ ಅಂತ." ಅವಳು ಸೂಜಿ ಹಾಕಿದಳು. "ಅವತ್ತು ನಾನು ಹೇಳಿದ್ದು ಸಿನಿಮಾ ಗೆಲ್ಲಲಿಕ್ಕೆ. ಆದರೆ ಹೇಳಿದ್ದು ಹೌದು. ನಿಮಗೆ ನೋವಾಯ್ತು, ಅದೂ ಹೌದು. ತಪ್ಪು ನನ್ನದು ರೂಬೆನ್."

ಅವನು ಕೊಳವೆ ತುಂಬುವುದನ್ನೇ ನೋಡುತ್ತ ಹೇಳಿದ. "ನಂಗ ಅಂಜಿಕಿ ಇದ್ದದ್ದು ಸರ್ಕಾರದ್ದಲ್ರಿ. ಗೊತ್ತಾದ ಮ್ಯಾಲ ನಿಮ್ಮ ಮಾರಿ ಹ್ಯಾಂಗ ಆಗ್ತೈತೋ ಅಂತ."

"ನೋಡಿ ಈಗ. ಹೇಗುಂಟು?"

ಅವನು ತಲೆ ಎತ್ತಿ ನೋಡಿದ. ನೋಡುತ್ತಲೇ ಉಳಿದ. ಹೊರಗೆ ನಲವತ್ತೆರಡನೆಯ ಟೋಕನ್‌ನವನು ಬಾಗಿಲು ಬಡಿದ. ಜೋಯ್ಸ್ ಹತ್ತಿ ಒತ್ತಿ, ಶನಿವಾರ ಏಳಕ್ಕೆ ಬನ್ನಿ, ಉಳಿದದ್ದು ಮೈಕ್‌ನಲ್ಲಿ ಹೇಳುತ್ತೇನೆ ಎಂದು ಅವನನ್ನು ಎಬ್ಬಿಸಿದಳು.

ಶನಿವಾರ ಆರೂವರೆಗೇ ಅವನು ಹಾಜರಿದ್ದ; ಕ್ಯಾಲ್ವಿನ್ ಎರಡನೆಯ ಮೈಕನ್ನು ಅವನ ಕೈಗಿತ್ತ. ಗೊಣಗಿದವರೆಲ್ಲ ಬಂದಿದ್ದರು, ಗೊಣಗದವರೂ ಬಂದಿದ್ದರು. ಗಾಣ ತಿರುಗಿತು, ಗಂಡ ಹೆಂಡತಿ ಜಗಳವಾಡಿದರು, ಹಾಲ್ ನಕ್ಕಿತು. ದೀಪದ ದೃಶ್ಯ ಬಂತು. ಪರದೆಯ ಹೆಂಗಸು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು. ಜೋಯ್ಸ್ ತನ್ನ ಮೈಕ್ ಕೆಳಗಿಟ್ಟಳು. ರೂಬೆನ್ ಮೊದಲು ಆ ಪ್ರಾರ್ಥನೆಯನ್ನು ಅದರದೇ ಭಾಷೆಯಲ್ಲಿ, ಹೆಂಗಸಿನ ದನಿಯ ಜೊತೆಜೊತೆಗೆ, ಹಾಳೆ ನೋಡದೆ ಹೇಳಿದ. ಆಮೇಲೆ ಕನ್ನಡದಲ್ಲಿ ಹೇಳಿದ.

ಲೂರ್ಡ್ಸ್ ಆಂಟಿಗೆ ತಡೆಯಲಾಗಲಿಲ್ಲ. ಇದೆಲ್ಲ ನಿನಗೆ ಹೇಗೆ ಬಾಯಿಪಾಠ ಎಂದು ಕುಳಿತಲ್ಲಿಂದಲೇ ಕೇಳಿದರು.

ರೂಬೆನ್ ಒಮ್ಮೆ ಜೋಯ್ಸ್‌ಳನ್ನು ನೋಡಿದ. "ನಮ್ಮ ಮನಿಯಾಗ ಪ್ರತಿ ಶುಕ್ರವಾರ ನಮ್ಮ ಆಯಿ ಹೇಳ್ತಾಳ್ರಿ ಆಂಟಿ. ನಾವು ಯಹೂದಿಗಳು."

ಲೆಸ್ಟರ್ ಅಂಕಲ್ ಎದ್ದು ಸಿನಿಮಾ ನಿಲ್ಲಿಸಿ ದೀಪ ಹಾಕಿದರು. ಅಂಕಲ್‌ರ ಮುಖ ಬಿಳಿಚಿಕೊಂಡಿತ್ತು.

ಜೋಯ್ಸ್ ಮೈಕ್ ಎತ್ತಿಕೊಂಡಳು. "ಯಹೂದಿಗಳು ನಮ್ಮಲ್ಲಿ ಯಾರಿದ್ದಾರೆ ಅಂತ ಇದೇ ಹಾಲ್‌ನಲ್ಲಿ ಕೇಳಿದವಳು ನಾನು. ಅದು ನನ್ನ ತಪ್ಪು. ನಮ್ಮಲ್ಲಿ ಇದ್ದಾರೆ, ಒಂದು ವರ್ಷದಿಂದ ನಮ್ಮ ಜೊತೆ ಕೂತು ನಗಾಡಿದ್ದಾರೆ. ಇವರು ಒಪ್ಪಿದರೆ ನಾನು ಇವರನ್ನೇ ಮದುವೆ ಆಗುವುದು. ಈಗ ಹೆದರುವವರು ಹೆದರಿ. ಸಿನಿಮಾ ಇನ್ನೂ ಅರ್ಧ ಉಂಟು."

ಮೊದಲು ಮಾತಾಡಿದವರು ಲೂರ್ಡ್ಸ್ ಆಂಟಿ. ಯಹೂದಿಗಳು ಸಿಗಡಿ ತಿನ್ನುವುದಿಲ್ಲ ಅಂತ ಬೈಬಲ್‌ನಲ್ಲೇ ಉಂಟಲ್ಲ, ನಾನು ಬಡಿಸಿದ ಸಿಗಡಿ ಇವನು ಬದಿಗೆ ತಳ್ಳಿದಾಗ ನನ್ನ ಕೈರುಚಿ ಕೆಟ್ಟಿತು ಅಂತ ಎಷ್ಟು ಬೇಜಾರು ಮಾಡಿಕೊಂಡಿದ್ದೆ ಎಂದು ಗಂಡನ ಮೇಲೆಯೇ ರೇಗಿದರು. ಲೆಸ್ಟರ್ ಅಂಕಲ್ ಹೆಂಡತಿಯನ್ನು ನೋಡಿದರು, ರೂಬೆನ್‌ನನ್ನು ನೋಡಿದರು. ಬಳಿಕ ಅವನ ಹೆಗಲು ತಟ್ಟಿ, ನನಗೊಬ್ಬನಿಗಾದರೂ ಮೊದಲೇ ಹೇಳಬಾರದಿತ್ತಾ ಮಾರಾಯ ಎಂದು ದೀಪ ಆರಿಸಿದರು.

ಸಿನಿಮಾ ಮುಗಿದು ಕುರ್ಚಿಗಳನ್ನು ಜೋಡಿಸುವಾಗ ರೂಬೆನ್ ಅವಳ ಬಳಿ ಬಂದ. ಅವನ ಮುಖ ಗಂಭೀರವಾಗಿತ್ತು.

"ನಾ ನನ್ನ ಪದ್ಧತಿ ಬಿಡೋದಿಲ್ಲ ಜೋಯ್ಸ್. ನೀವು ನಿಮ್ಮದು ಬಿಡ್ರಿ ಅಂತ ನಾ ಯಾವತ್ತೂ ಅನ್ನೂದಿಲ್ಲ. ಒಂದ ಮನಿಯಾಗ ಎರಡೂ ಹ್ಯಾಂಗ ನಡೀತಾವ?"

ಜೋಯ್ಸ್ ಕೈಯಲ್ಲಿದ್ದ ಕುರ್ಚಿಯನ್ನು ಅವನ ಕೈಗೆ ಕೊಟ್ಟಳು. ಊರಿನಲ್ಲಾದರೆ ಕಷ್ಟವಿತ್ತೇನೋ. ಅಮ್ಮನಿಗೆ ಹೇಳುವುದು, ಅವನ ಆಯಿಯ ಎದುರು ನಿಲ್ಲುವುದು ಇನ್ನೂ ಬಾಕಿಯೇ ಇದೆ. ಆದರೆ ಇದೊಂದನ್ನು ಅವಳು ಒಂಬತ್ತು ದಿನಗಳ ಹಿಂದೆಯೇ ಲೆಕ್ಕ ಹಾಕಿಟ್ಟಿದ್ದಳು.

"ಇದು ಕುವೈತ್. ಇಲ್ಲಿ ಚರ್ಚಿಗೂ ಶುಕ್ರವಾರವೇ ಹೋಗುವುದು. ಬೆಳಿಗ್ಗೆ ನಾನು ಪೂಜೆ ಮುಗಿಸಿ ಬರ್ತೇನೆ, ಸಂಜೆ ನೀವು ನನಗೆ ದೀಪ ಹಚ್ಚಲಿಕ್ಕೆ ಕಲಿಸಿ."

"ಶನಿವಾರ?"

"ಶನಿವಾರ ಇಬ್ಬರಿಗೂ ರಜೆ," ಎಂದಳು ಜೋಯ್ಸ್.