ಹನ್ನೊಂದು ರಿವೆಟ್ಟುಗಳು

ಅಲ್ಯೂಮಿನಿಯಂ ಕೆಲಸದವರು ಬರುತ್ತಾರೆ, ನಾನು ಸ್ನಾನದಲ್ಲಿರುತ್ತೇನೆ, ನೀನೇ ತೋರಿಸಮ್ಮ ಎಂದು ಮಗಳು ಸಮನ್ವಿತಾಗೆ ಹೇಳಿ ಸುಂದರೇಶರು ಬಚ್ಚಲಮನೆ ಸೇರಿದರು. ಏನನ್ನು ತೋರಿಸಬೇಕು ಎಂದು ಮಗಳಿಗೆ ಗೊತ್ತಿತ್ತು. ಬರುವವನಿಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಅಷ್ಟೊಂದು ಮಾತಾಡಿದ ಸುಂದರೇಶರು ಆ ಒಂದು ವಿಷಯ ಹೇಳುವುದನ್ನು ಮರೆತಿದ್ದರು.

ಹಾಗಾಗಿ ಆ ಭಾನುವಾರ ಬೆಳಿಗ್ಗೆ ನಜರ್‌ಬಾದಿನ ಶಿವಪ್ರಕಾಶ್ ಲಕ್ಷ್ಮೀಪುರಂನ ಆ ಮನೆಗೆ ಬಂದವನೇ ಚಪ್ಪಲಿ ಬಿಟ್ಟು, ಜೇಬಿನಿಂದ ಟೇಪು ತೆಗೆದು, ಸೊಳ್ಳೆ ಜಾಲರಿಗೆ ಕರೆದಿರಬೇಕೆಂದುಕೊಂಡು ಹಾಲಿನ ಕಿಟಕಿಯನ್ನು ಅಳೆಯಲು ನಿಂತ. ಸಮನ್ವಿತಾ ಕಾಫಿ ಲೋಟ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಪಾಪ, ಹೊರಗೆ ಸಾಗಿಸುವ ದಾರಿ ಹುಡುಕುತ್ತಿದ್ದಾನೆ ಅಂದುಕೊಂಡಳು.

“ಅದರಲ್ಲಿ ತೂರಲ್ಲ ರೀ. ಹದಿಮೂರಡಿ ಉದ್ದ ಇದೆ.”

ಅವನು ಟೇಪು ಹಿಡಿದುಕೊಂಡೇ ತಿರುಗಿದ. “ಸೊಳ್ಳೆನಾ ಮೇಡಂ?”

ಕಾಫಿ ಚೆಲ್ಲುವಷ್ಟು ನಕ್ಕಳು. ಅವನು ನಗಲಿಲ್ಲ. ತುಟಿಯ ಒಂದು ಕೊನೆ ಮಾತ್ರ ಮೇಲೆ ಹೋಗಿ, ಅವಳು ನೋಡುತ್ತಿದ್ದಾಳೆಂದು ಗೊತ್ತಾದೊಡನೆ ಕೆಳಗಿಳಿಯಿತು. ಅಷ್ಟೇ. ಆದರೆ ಆ ಇಡೀ ದಿನ ಸಮನ್ವಿತಾಗೆ ಆ ತುಟಿಯ ಕೊನೆ ನೆನಪಾಗುತ್ತಲೇ ಇತ್ತು.

ಕಾರು ಶೆಡ್ಡಿನಲ್ಲಿ ಕೊಚ್ಚಿಯಿಂದ ಬಂದ ಮೂರು ಪೆಟ್ಟಿಗೆಗಳಿದ್ದವು. ಒಳಗೆ ನಂಬರು ಹಾಕಿದ ಅಲ್ಯೂಮಿನಿಯಂ ತಗಡುಗಳು, ಪಕ್ಕೆಲುಬಿನಂತೆ ಬಾಗಿದ ಪಟ್ಟಿಗಳು, ತಗಡಿಗೆ ತಗಡು ಸೇರಿಸುವ ಮೊಂಡು ಮೊಳೆಗಳಾದ ರಿವೆಟ್ಟು ಒಂದು ಚೀಲ, ಜೊತೆಗೆ ಎಂಬತ್ತು ಪುಟದ ಒಂದು ಪುಸ್ತಕ. ಎಲ್ಲವನ್ನೂ ಜೋಡಿಸಿದರೆ ದೋಣಿ. ಲೈಬ್ರರಿಯಿಂದ ನಿವೃತ್ತರಾದ ಸುಂದರೇಶರಿಗೆ ತಮ್ಮ ಕೈಯಾರೆ ಒಂದು ದೋಣಿ ಕಟ್ಟಬೇಕು ಎಂಬ ಹುಚ್ಚು ಎಲ್ಲಿಂದ ಹತ್ತಿತೋ ಆ ದೇವರೇ ಬಲ್ಲ. ಹೆಂಡತಿ ಬದುಕಿದ್ದಿದ್ದರೆ ಆ ಪೆಟ್ಟಿಗೆಗಳು ಗೇಟು ದಾಟುತ್ತಿರಲಿಲ್ಲ. ಸುಂದರೇಶರ ತಾತ ಅರಮನೆಯ ಕಚೇರಿಯಲ್ಲಿ ಬರೆಯುವ ಕೆಲಸದಲ್ಲಿದ್ದವರು. ಆ ವಂಶದಲ್ಲಿ ಲೇಖನಿಗಿಂತ ಭಾರವಾದದ್ದನ್ನು ಯಾರೂ ಎತ್ತಿರಲಿಲ್ಲ. ಎರಡು ತಗಡು ಸೇರಿಸುವಷ್ಟರಲ್ಲಿ ಸುಂದರೇಶರ ಮಂಡಿ ಕೈಕೊಟ್ಟಿತು.

ಶಿವಪ್ರಕಾಶ್ ಕಿಟಕಿ ಮಾಡುವವನು, ದೋಣಿ ಮಾಡುವವನಲ್ಲ. ಅದನ್ನೇ ಹೇಳಿ ಹೊರಡಬೇಕೆಂದಿದ್ದವನು ತಗಡಿನ ಮೇಲೊಮ್ಮೆ ಕೈಯಾಡಿಸಿದ. ಬಲಗೈ ತೋರುಬೆರಳಿನ ತುದಿ ಇರಲಿಲ್ಲ. ಸಮನ್ವಿತಾಳ ಕಣ್ಣು ಅಲ್ಲಿಗೆ ಹೋದದ್ದನ್ನು ಕಂಡು ಕೈಯನ್ನು ಜೇಬಿಗಿಳಿಸಿದ. ಭಾನುವಾರ ಭಾನುವಾರ ಬರುತ್ತೇನೆ, ಆದರೆ ಒಳಗಡೆ ಹಿಡಿಯಲು ಇನ್ನೊಬ್ಬರು ಬೇಕು ಎಂದ.

ರಿವೆಟ್ಟು ಹೊಡೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಹೊರಗಿನವರು ಸುತ್ತಿಗೆಯಲ್ಲಿ ಹೊಡೆಯಬೇಕು, ಒಳಗಿನವರು ಕಬ್ಬಿಣದ ಗಟ್ಟಿಯೊಂದನ್ನು ರಿವೆಟ್ಟಿನ ಬಾಲಕ್ಕೆ ಒತ್ತಿ ಹಿಡಿಯಬೇಕು. ಆಗ ಒಳಗಡೆ ಬಾಲ ಚಪ್ಪಟೆಯಾಗಿ ಗುಂಡಿಯಂತೆ ಕೂರುತ್ತದೆ. ಅದು ನೆಟ್ಟಗೆ ಕೂತಿತೋ ಇಲ್ಲವೋ ಹೊರಗಿನವರಿಗೆ ಕಾಣುವುದಿಲ್ಲ. ಒಳಗಿನವರು ಹೇಳಿದ್ದೇ ವೇದ. ಆ ಸದ್ದಿನಲ್ಲಿ ಬಾಯಿಮಾತು ಕೇಳುವುದಿಲ್ಲವೆಂದು ಶಿವಪ್ರಕಾಶನೇ ಒಂದು ಲೆಕ್ಕ ಹೇಳಿಕೊಟ್ಟ. ಒಳಗಿನಿಂದ ಗಟ್ಟಿಯಲ್ಲಿ ಒಂದು ಸಲ ಕುಟ್ಟಿದರೆ ಸರಿಯಾಗಿದೆ. ಎರಡು ಸಲ ಕುಟ್ಟಿದರೆ ಇನ್ನೊಂದೇಟು ಬೇಕು. ಮೂರು ಸಲವಾದರೆ ಕೆಟ್ಟಿದೆ, ಕೊರೆದು ತೆಗೆದು ಬೇರೆ ಹಾಕಬೇಕು.

ಸಮನ್ವಿತಾಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಅವಳ ಕೆಲಸವೇ ಅದು. ಆಸ್ಪತ್ರೆಯೊಂದರಲ್ಲಿ ಕಿವಿ ಎಷ್ಟು ಕೇಳಿಸುತ್ತದೆ ಎಂದು ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್. ಸದ್ದು ಕೇಳಿಸಿದಾಗ ಬಟನ್ ಒತ್ತಿ ಎಂದರೆ, ಕೇಳಿಸದಿದ್ದರೂ ನಾಚಿಕೆಗೆ ಒತ್ತುವವರಿರುತ್ತಾರೆ. ಅವರನ್ನು ಹಿಡಿಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಸುಳ್ಳು ಒತ್ತಬೇಡಿ, ನಷ್ಟ ನಿಮಗೇ ಎಂದು ದಿನಕ್ಕೆ ಹತ್ತು ಜನಕ್ಕೆ ಬುದ್ಧಿ ಹೇಳುವಾಕೆ.

ಹೀಗೆ ಶುರುವಾಯಿತು. ಇಟ್ಟಿಗೆಗಳ ಮೇಲೆ ಎತ್ತರಿಸಿ ಬೋರಲು ಹಾಕಿದ ದೋಣಿಯ ಕೆಳಗೆ ಟಾರ್ಚು ಹಚ್ಚಿಕೊಂಡು ಸಮನ್ವಿತಾ. ಹೊರಗೆ ಶಿವಪ್ರಕಾಶ್. ಬಾಗಿಲ ಬಳಿ ಬೆತ್ತದ ಕುರ್ಚಿಯಲ್ಲಿ ಪುಸ್ತಕ ಹಿಡಿದು ಪುರಾಣ ಓದುವ ಧಾಟಿಯಲ್ಲಿ ಸುಂದರೇಶರು. ಒಟ್ಟು ಐನೂರ ಹದಿನಾರು ರಿವೆಟ್ಟು. ಒಂದೊಂದು ಮುಗಿದಾಗಲೂ ಅವರು ಪುಸ್ತಕದ ನಕ್ಷೆಯಲ್ಲಿ ಪೆನ್ಸಿಲ್ಲಿನಿಂದ ಒಂದು ಗುರುತು ಹಾಕುತ್ತಿದ್ದರು.

ಒಳಗಿನಿಂದ ಅವಳಿಗೆ ಕಾಣುತ್ತಿದ್ದದ್ದು ಅವನ ಪಾದಗಳು ಮಾತ್ರ. ಮೊದಲ ದಿನ ಸುಂದರೇಶರು ತಗಡಿಗೆ ಕುಂಕುಮ ಹಚ್ಚಿ ಪೂಜೆ ಮಾಡಿದ್ದರಿಂದ ಅವನು ಶೆಡ್ಡಿಗೆ ಚಪ್ಪಲಿ ಹಾಕಿಕೊಂಡು ಬರುತ್ತಿರಲಿಲ್ಲ. ಅಲ್ಯೂಮಿನಿಯಂ ಚೂರು ಚುಚ್ಚೀತೆಂದು ತಾನೇ ನೆಲ ಗುಡಿಸಿಕೊಳ್ಳುತ್ತಿದ್ದ. ಯೋಚಿಸುವಾಗ ಬಲಗಾಲ ಹೆಬ್ಬೆರಳಿನಿಂದ ಎಡಗಾಲ ಹರಡನ್ನು ಕೆರೆದುಕೊಳ್ಳುತ್ತಿದ್ದ. ಅವಳು ಒಂದೇ ಸಲ ಕುಟ್ಟಿದರೆ ಹಿಮ್ಮಡಿ ಸಣ್ಣಗೆ ಮೇಲೇಳುತ್ತಿತ್ತು, ಶಾಲೆಯಲ್ಲಿ ಜಾಣ ಎನ್ನಿಸಿಕೊಂಡ ಹುಡುಗನಂತೆ. ಗಂಡಸಿನ ಮನಸ್ಸನ್ನು ಪಾದದಲ್ಲಿ ಓದಬಹುದು ಎಂದು ಅವಳಿಗೆ ಮೂವತ್ತನಾಲ್ಕು ವರ್ಷ ಯಾರೂ ಹೇಳಿರಲಿಲ್ಲ.

ನಡುವೆ ಒಂದು ತಗಡಿದ್ದರೆ ಮಾತು ಸಲೀಸು. ಅವನಿಗೆ ಈಜು ಬರುವುದಿಲ್ಲ, ಅವಳಿಗೂ ಬರುವುದಿಲ್ಲ ಎಂದು ಎರಡನೇ ಭಾನುವಾರ ಗೊತ್ತಾಯಿತು. ಮಂಡಕಳ್ಳಿಯ ಆಚೆ ಅವನ ಸೋದರಮಾವ ಪುಟ್ಟಸ್ವಾಮಿಯ ತೋಟದಲ್ಲಿ ದೊಡ್ಡದೊಂದು ಮೀನಿನ ಹೊಂಡವಿದೆಯೆಂದೂ, ದೋಣಿಯನ್ನು ಮೊದಲು ಅಲ್ಲೇ ಇಳಿಸಬಹುದೆಂದೂ ನಾಲ್ಕನೇ ಭಾನುವಾರ ನಿರ್ಧಾರವಾಯಿತು. ಎದೆಮಟ್ಟದ ನೀರು ಮೇಡಂ, ಮುಳುಗಿದ್ರೂ ನಿಂತ್ಕೊಂಡೇ ಮುಳುಗಬಹುದು ಎಂದು ಅವನು ಧೈರ್ಯ ಹೇಳಿದ. ಬೆರಳಿನ ವಿಷಯ ಮಾತ್ರ ಅವನೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ.

ಹತ್ತನೇ ಭಾನುವಾರ ಸುಂದರೇಶರು ಗುರುತುಗಳನ್ನು ಎಣಿಸಿ, ಇನ್ನು ನಲವತ್ತೇ ಬಾಕಿ ಎಂದು ಸಂಭ್ರಮದಿಂದ ಘೋಷಿಸಿದರು.

ಕೆಳಗಿದ್ದ ಸಮನ್ವಿತಾ ಟಾರ್ಚನ್ನು ಅವನ ಪಾದಗಳ ಕಡೆ ತಿರುಗಿಸಿದಳು. ನಲವತ್ತು ಎಂದರೆ ಇವತ್ತೇ ಕೊನೆ. ಆಮೇಲೆ ಈ ಪಾದಗಳು ಈ ನೆಲಕ್ಕೆ ಯಾಕೆ ಬಂದಾವು? ಕಿಟಕಿ ಮಾಡುವವನಿಗೆ ಒಂದು ಮನೆಯಲ್ಲಿ ಇಪ್ಪತ್ತು ವರ್ಷಕ್ಕೊಮ್ಮೆ ಕೆಲಸ. ಬಾಯಿ ಬಿಟ್ಟು ಏನಾದರೂ ಹೇಳೋಣವೆಂದರೆ ಅವನು ಇಂದಿಗೂ ಅವಳನ್ನು ಮೇಡಂ ಎನ್ನುತ್ತಿದ್ದ. ಹೊರಗೆ ಸುತ್ತಿಗೆ ಬಿತ್ತು. ಒಳಗೆ ರಿವೆಟ್ಟು ಅಚ್ಚುಕಟ್ಟಾಗಿ, ಮುತ್ತಿನ ಹಾಗೆ ಕೂತಿತು. ಅವಳ ಕೈ ಮೂರು ಸಲ ಕುಟ್ಟಿತು.

ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಅವನು ಕೊರೆದು ತೆಗೆದ. ತೆಗೆದದ್ದು ಒಳಗೆ ಅವಳ ಮಡಿಲಿಗೇ ಬಿತ್ತು. ತೋರಿಸಿ ಮೇಡಂ ಎಂದು ಕೇಳಿದಾಗ, ಎಲ್ಲೋ ಉರುಳಿಹೋಯಿತು ಎಂದಳು. ಆ ಭಾನುವಾರ ಆರು, ಮುಂದಿನ ಭಾನುವಾರ ಐದು. ಒಟ್ಟು ಹನ್ನೊಂದು ಒಳ್ಳೆಯ ರಿವೆಟ್ಟುಗಳನ್ನು ಅವಳು ಕೆಟ್ಟವು ಎಂದು ತೆಗೆಸಿ, ಕಿವಿಯ ಮೆಶಿನ್ನಿನ ಪುಟ್ಟ ಡಬ್ಬಿಯೊಂದರಲ್ಲಿ ಬಚ್ಚಿಟ್ಟಳು. ಕೊರೆದ ತೂತುಗಳು ಅಗಲವಾದವೆಂದು ಅವನು ಒಂದು ಸೈಜು ದಪ್ಪದವನ್ನು ಹುಡುಕಿ ತಂದು ಹೊಡೆಯುತ್ತಿದ್ದ. ಹೊಡೆಯುವುದು ನಿಧಾನವಾಯಿತು. ಮಾತು ನಿಂತಿತು. ಹಿಮ್ಮಡಿ ಮೇಲೇಳಲಿಲ್ಲ. ಪಾದ ಓದಲು ಕಲಿತಿದ್ದೇನೆ ಎಂದು ಬೀಗುತ್ತಿದ್ದವಳು, ಪಾಪ ದಣಿದಿದ್ದಾನೆ ಎಂದುಕೊಂಡು ತನ್ನ ಗೆಲುವಿನಲ್ಲಿ ಮುಳುಗಿದ್ದಳು.

ಹನ್ನೆರಡನೇ ಭಾನುವಾರ ನಾಲ್ಕೇ ರಿವೆಟ್ಟು ಉಳಿದಿದ್ದಾಗ ಬಂದದ್ದು ಅವನಲ್ಲ, ಅವನ ತಮ್ಮ ಸುನಿಲ್.

“ಅಣ್ಣ ಇನ್ಮೇಲೆ ಸುತ್ತಿಗೆ ಹಿಡಿಯಲ್ವಂತೆ ಅಕ್ಕ,” ಎಂದ ಸುನಿಲ್, ಮಾಮೂಲಿ ವಿಷಯ ಹೇಳುವವನಂತೆ. ಎರಡು ವರ್ಷದ ಹಿಂದೆ ಕಟಿಂಗ್ ಮೆಶಿನ್ನಿಗೆ ಬೆರಳು ಸಿಕ್ಕಿದ ಮೇಲೆ ಅಂಗಡಿಯ ನಾಜೂಕು ಕೆಲಸವೆಲ್ಲ ತನ್ನದೇ, ಅಣ್ಣ ಅಳತೆ ತೆಗೆಯಲು ಮಾತ್ರ ಹೋಗುತ್ತಿದ್ದ ಎಂದೂ ವಿವರಿಸಿದ. “ಈ ದೋಣಿನ ಮಾತ್ರ ನಂಗೆ ಬುಟ್ಕೊಡ್ಲಿಲ್ಲ. ಇದೊಂದು ಸರಿಹೋದ್ರೆ ಕೈ ಇನ್ನೂ ಐತೆ ಅಂತ ಅರ್ಥ ಕಣೋ ಅಂದಿದ್ರು. ಕೊನೆಗೊನೆಗೆ ಬರೀ ಕೆಟ್ಟೋಯ್ತಂತಲ್ಲ? ಬರೋ ತಿಂಗ್ಳಿಂದ ಟೈಲ್ಸ್ ಶೋರೂಮಲ್ಲಿ ಕೆಲ್ಸಕ್ಕೆ ಹೋಗ್ತಾರೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಸಮನ್ವಿತಾಳ ಕೈ ತಾನಾಗಿ ಚೂಡಿದಾರದ ಜೇಬಿನ ಡಬ್ಬಿಗೆ ಹೋಯಿತು. ಎರಡು ಭಾನುವಾರ ಹೆಚ್ಚಿಗೆ ಸಿಗಲೆಂದು ತಾನು ಆ ಮನುಷ್ಯನಿಂದ ಏನನ್ನು ಕಿತ್ತುಕೊಂಡೆ ಎಂಬುದು ಆಗ ಅರ್ಥವಾಯಿತು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಅವನು ಇನ್ನೆಂದೂ ಮುಖ ನೋಡಲಿಕ್ಕಿಲ್ಲ. ಅವಳು ಸುನಿಲನಿಗೆ ಕಾಫಿ ಕೊಟ್ಟು ಕಳಿಸಿ, ಸ್ಕೂಟಿ ತೆಗೆದಳು.

ನಜರ್‌ಬಾದಿನ ಅಂಗಡಿಯ ಶಟರ್ ಅರ್ಧ ಎಳೆದಿತ್ತು. ಶಿವಪ್ರಕಾಶ್ ಸುತ್ತಿಗೆಗಳಿಗೆ ಎಣ್ಣೆ ಸವರಿ ಒಂದೊಂದಾಗಿ ಗೋಣಿಚೀಲದಲ್ಲಿ ಸುತ್ತಿಡುತ್ತಿದ್ದ. ಅವಳನ್ನು ಕಂಡು ಎದ್ದುನಿಂತ. ಅವಳು ಡಬ್ಬಿಯನ್ನು ಅವನ ಮುಂದೆ ಬೆಂಚಿನ ಮೇಲೆ ತೆರೆದಿಟ್ಟಳು.

“ಹನ್ನೊಂದೂ ಚೆನ್ನಾಗಿತ್ತು. ನಾನು ಸುಳ್ಳು ಕುಟ್ಟಿದೆ.”

ಅವನು ಒಂದನ್ನು ಎತ್ತಿಕೊಂಡ. ಹೆಬ್ಬೆರಳಿನಿಂದ ಅದರ ಅಂಚನ್ನು ಸುತ್ತಲೂ ಸವರಿದ. ಇನ್ನೊಂದನ್ನು ಎತ್ತಿದ. ಹನ್ನೊಂದನ್ನೂ ನೋಡಿ ಮುಗಿಸುವವರೆಗೆ ತಲೆ ಎತ್ತಲಿಲ್ಲ.

“ಯಾಕೆ?”

“ಮುಗಿದುಬಿಡುತ್ತಲ್ಲ ಅಂತ. ಮುಗಿದ್ರೆ ನೀವು ಬರಲ್ಲವಲ್ಲ ಅಂತ.”

ಇಂಥ ಮಾತು ಹೇಳಿದ ಮೇಲೆ ಕಥೆಗಳಲ್ಲಿ ಗಂಡು ಕರಗಿಹೋಗುತ್ತಾನೆ. ಶಿವಪ್ರಕಾಶ್ ಕರಗಲಿಲ್ಲ. ಅವನ ಕಣ್ಣು ಕೆಂಪಾಗಿತ್ತು. “ಕೈ ಹೋಯ್ತು ಅನ್ಕೊಂಡಿದ್ದೆ ಮೇಡಂ. ಎರಡು ವಾರದಿಂದ ಮುದ್ದೆ ಮುರಿಯಕ್ಕೂ ಈ ಕೈನ ನಂಬಿರ್ಲಿಲ್ಲ ನಾನು.”

ತಪ್ಪಾಯಿತು ಎಂದಷ್ಟೇ ಅಂದಳು. ಅವನು ಡಬ್ಬಿಯ ಮುಚ್ಚಳ ಹಾಕಿ ತನ್ನ ಜೇಬಿಗಿಟ್ಟುಕೊಂಡ. ಈಗ ಹೋಗಿ ಮೇಡಂ ಎಂದ. ಗದರಿಸಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದ್ದರಿಂದ ಅವಳು ಸ್ಕೂಟಿ ನಿಲ್ಲಿಸಿದ್ದ ಕಡೆಗೆ ಅಳುತ್ತಲೇ ನಡೆದಳು.

ಆ ವಾರ ಆಸ್ಪತ್ರೆಗೆ ಬಂದಿದ್ದ ಚನ್ನಬಸವಯ್ಯ ಎಂಬ ಹಿರಿಯರು ಸದ್ದೇ ಇಲ್ಲದಾಗ ನಾಲ್ಕು ಸಲ ಬಟನ್ ಒತ್ತಿದರು. ಸಮನ್ವಿತಾ ಬುದ್ಧಿ ಹೇಳಲು ಹೋಗಲಿಲ್ಲ. ಪರವಾಗಿಲ್ಲ ತಾತ, ಎಲ್ಲರೂ ಒಂದೊಂದ್ಸಲ ಒತ್ತುತ್ತಾರೆ, ಮೊದಲಿಂದ ಮಾಡೋಣ ಎಂದಳು. ಪಕ್ಕದಲ್ಲಿದ್ದ ಅನನ್ಯ, ಅವಳ ಜೊತೆಯ ಕೆಲಸದವಳು, ಹುಷಾರಿದ್ದೀರಾ ಎಂದು ಕೇಳಿದಳು.

ಭಾನುವಾರ ಬಂತು. ಅವನು ಬರುತ್ತಾನೆಂಬ ಭರವಸೆ ಇರಲಿಲ್ಲ. ಆದರೂ ಸಮನ್ವಿತಾ ಗಟ್ಟಿ ಹಿಡಿದುಕೊಂಡು ದೋಣಿಯ ಕೆಳಗೆ ಸೇರಿದಳು. ಸುಂದರೇಶರು ಏನೂ ಕೇಳದೆ ಪೆನ್ಸಿಲ್ಲು ಚೂಪು ಮಾಡಿಕೊಂಡು ಕೂತರು. ಹತ್ತು ಗಂಟೆಗೆ ಗೇಟು ಸದ್ದಾಯಿತು. ಕಸಬರಿಕೆಯ ಸದ್ದು. ಆಮೇಲೆ ಎರಡು ಪಾದಗಳು ಬಂದು, ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಂತವು.

ಸುತ್ತಿಗೆ ಬಿತ್ತು. ಅವಳು ಟಾರ್ಚು ಹಿಡಿದು ನೋಡಿ ಒಂದು ಸಲ ಕುಟ್ಟಿದಳು. ಎರಡನೆಯದು ತುಸು ಓರೆಯಿತ್ತು. ಎರಡು ಸಲ ಕುಟ್ಟಿದಳು, ಇನ್ನೊಂದೇಟು ಬಿತ್ತು, ಸರಿಹೋಯಿತು. ಮೂರನೆಯದು ಸರಿ. ನಾಲ್ಕನೆಯದು ಐನೂರ ಹದಿನಾರರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೂತಿತು. ಅವಳು ಕಣ್ಣು ಮುಚ್ಚಿಕೊಂಡು ಒಂದೇ ಒಂದು ಸಲ ಕುಟ್ಟಿದಳು. ಮುಗಿಯಿತು.

ಪಾದಗಳು ಅಲ್ಲೇ ಇದ್ದವು. ಬಲಗಾಲ ಹೆಬ್ಬೆರಳು ಎಡಗಾಲ ಹರಡನ್ನು ಕೆರೆಯಿತು. ಆಮೇಲೆ, ಇಷ್ಟು ದಿನ ಎಂದೂ ಆಗದಿದ್ದದ್ದು ಆಯಿತು. ಹೊರಗಿನಿಂದ ಸುತ್ತಿಗೆಯ ಹಿಡಿ ತಗಡಿನ ಮೇಲೆ ಮೆಲ್ಲಗೆ ಮೂರು ಸಲ ಕುಟ್ಟಿತು.

“ಚೆನ್ನಾಗೇ ಇದೆ ರೀ ಅದು,” ಎಂದಳು ಸಮನ್ವಿತಾ.

“ಗೊತ್ತು. ನೀವು ಹನ್ನೊಂದ್ಸಲ ಸುಳ್ಳು ಕುಟ್ಟಿದ್ರಿ. ನಾನು ಒಂದ್ಸಲ ಕುಟ್ಟಬಾರ್ದಾ?” ಪಾದಗಳು ತಗಡಿಗೆ ಇನ್ನಷ್ಟು ಹತ್ತಿರ ಬಂದವು. “ಸಿಟ್ಟು ಇನ್ನೂ ಒಸಿ ಐತೆ. ಸುಳ್ಳು ಹೇಳಲ್ಲ. ಆದ್ರೆ ಆ ಹನ್ನೊಂದನ್ನ ದಿನಾ ತೆಗ್ದು ತೆಗ್ದು ನೋಡ್ತಿದ್ದೆ. ನನ್ನ ಕೈ ಚೆನ್ನಾಗೈತೆ ಅಂತ ನೋಡ್ತಿದ್ದೀನೋ, ನೀವು ಇಟ್ಕೊಂಡಿದ್ರಿ ಅಂತ ನೋಡ್ತಿದ್ದೀನೋ ನಂಗೇ ತಿಳೀಲಿಲ್ಲ. ಶೋರೂಮಿಗೆ ಬರಲ್ಲ ಅಂತ ಹೇಳ್ಬುಟ್ಟೆ. ಮುಖ ನೋಡ್ಕೊಂಡು ಕೇಳೋ ಧೈರ್ಯ ಇಲ್ಲ, ಇಲ್ಲಿಂದ್ಲೇ ಕೇಳ್ತೀನಿ. ನಿಮ್ ತಂದೆಯೋರ ಹತ್ರ ಮಾತಾಡ್ಲಾ, ಸಮನ್ವಿತಾ?”

ಮೇಡಂ ಎನ್ನಲಿಲ್ಲ. ಅವಳ ಕಣ್ಣೀರಿನಲ್ಲಿ ಟಾರ್ಚಿನ ಬೆಳಕು ಮಸುಕಾಗಿತ್ತು. ತಡಕಾಡಿ ಕಬ್ಬಿಣದ ಗಟ್ಟಿಯನ್ನು ಎತ್ತಿಕೊಂಡು, ಕೊನೆಯ ರಿವೆಟ್ಟಿನ ಪಕ್ಕದಲ್ಲಿ ಒಂದು ಸಲ ಕುಟ್ಟಿದಳು.

ಹೊರಗೆ ಎರಡು ಹಿಮ್ಮಡಿಗಳೂ ನೆಲ ಬಿಟ್ಟು ಮೇಲೆದ್ದವು.

ಬಾಗಿಲ ಬಳಿ ಕುರ್ಚಿ ಕಿರ್ರೆಂದಿತು. ಅಲ್ಲೊಬ್ಬರು ಕೂತಿದ್ದಾರೆಂಬುದನ್ನು ಇಬ್ಬರೂ ಮರೆತಿದ್ದರು. ಸುಂದರೇಶರು ಕನ್ನಡಕ ತೆಗೆದು ಒರೆಸಿಕೊಂಡರು.

“ಮೂರು ಕುಟ್ಟಿದ್ದನ್ನೂ ಗುರುತು ಹಾಕಿಟ್ಟಿದ್ದೀನಿ ಕಣಯ್ಯ. ಎರಡೇ ಭಾನುವಾರಕ್ಕೆ ಹನ್ನೊಂದು ಕೆಟ್ಟಾಗಲೇ ಅನ್ಕೊಂಡೆ, ಕೆಟ್ಟಿರೋದು ರಿವೆಟ್ಟಲ್ಲ ಅಂತ,” ಎಂದು ಎಂಬತ್ತನೇ ಪುಟ ತಿರುವಿ ಪುಸ್ತಕ ಮುಚ್ಚಿದರು. “ನಮ್ಮ ಮನೇಲಿ ಸುತ್ತಿಗೆ ಹಿಡಿದವರು ಯಾರೂ ಇರ್ಲಿಲ್ಲ. ಒಬ್ಬರು ಬರಲಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಮನೆ ನಮ್ಮಪ್ಪ ಕಟ್ಟಿದ್ರು. ನಾನು ದೋಣಿ ಕಟ್ಟಿ ನೋಡಿದೆ. ಇನ್ನೊಂದು ಬಾಕಿ ಇತ್ತು.”